ನಿಮಗಿದು ಗೊತ್ತೇ? ಕಿಡ್ನಿ ಕಲ್ಲಿಗೆಲ್ಲ ಒಂದೇ ಮದ್ದಿಲ್ಲ

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದಲ್ಲಿ ಮಾವಿನದೇ ಮಾತು. ಬಾದಾಮಿ, ರಸಪುರಿ, ಸೆಂಧೂರ, ತೋತಾಪುರಿ, ನೀಲಂ ಒಂದರ ಹಿಂದೊಂದು ಮಂಡಿಗೆ ಬರುತ್ತವೆ. ತೋಟದಲ್ಲಿ ಕಾಯಿ ಕೀಳುವವರು, ಮಂಡಿಯಲ್ಲಿ ವಿಂಗಡಿಸುವವರು, ಲಾರಿಗೆ ಕ್ರೇಟು ಏರಿಸುವ ಹಮಾಲರು ಹೊತ್ತು ಮೂಡಿದಾಗಿನಿಂದ ಬೆವರು ಸುರಿಸುತ್ತಾರೆ. ಕಿಡ್ನಿ ಕಲ್ಲಿನ ನೋವು ಹೆಚ್ಚು ಕಾಣಿಸಿಕೊಳ್ಳುವುದೂ ಬಿಸಿಲು ಏರಿದ ಈ ದಿನಗಳಲ್ಲೇ. ನೋವು ಬಂದವರಿಗೆ ಸಲಹೆಗೇನೂ ಬರವಿಲ್ಲ. ಬಾಳೆದಿಂಡು ಕುಡಿ ಎನ್ನುವವರು ಒಬ್ಬರು, ಟೊಮೇಟೊ ಬಿಡು ಎನ್ನುವವರು ಇನ್ನೊಬ್ಬರು, ಲೇಸರ್ ಮಾಡಿಸಿಬಿಡು ಎನ್ನುವವರು ಮತ್ತೊಬ್ಬರು. ಆದರೆ ಕಲ್ಲು ಎಷ್ಟು ದೊಡ್ಡದು, ಎಲ್ಲಿ ಕೂತಿದೆ, ಯಾವ ಜಾತಿಯದು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಸಲಹೆಯೂ ಪೂರ್ತಿಯಲ್ಲ.

◆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ಉದ್ದ 25ರಿಂದ 30 ಸೆಂ.ಮೀ. ಒಳಗಿನ ಅಗಲ ಬರೀ 3–4 ಮಿ.ಮೀ. ಮೂರು ಕಡೆ ಅದು ಇನ್ನೂ ಕಿರಿದಾಗುತ್ತದೆ: ಮೂತ್ರಪಿಂಡದಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವಲ್ಲಿ, ಮೂತ್ರಕೋಶವನ್ನು ಸೇರುವಲ್ಲಿ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಮೂರು ಕಡೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಬರುವ ‘ಪಿಯುಜೆ’ ಎಂದರೆ ಮೊದಲ ಜಾಗ, ‘ವಿಯುಜೆ’ ಎಂದರೆ ಕೊನೆಯದು.

◆ ಮೂತ್ರಪಿಂಡದೊಳಗೆ ಸುಮ್ಮನೆ ಕೂತ ಕಲ್ಲು ವರ್ಷಗಟ್ಟಲೆ ನೋವೇ ಕೊಡದಿರಬಹುದು. ನಾಳಕ್ಕೆ ಇಳಿದು ಅಡ್ಡ ನಿಂತಾಗ ಮೇಲಿನಿಂದ ಬರುವ ಮೂತ್ರಕ್ಕೆ ದಾರಿ ಇಲ್ಲದೆ ಒತ್ತಡ ಏರುತ್ತದೆ. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವ ಆ ಭಯಂಕರ ನೋವು ಹುಟ್ಟುವುದು ಹೀಗೆ. ಹಾಗಾಗಿ ನೋವಿನ ಅಬ್ಬರ ನೋಡಿ ಕಲ್ಲಿನ ಗಾತ್ರ ಹೇಳಲು ಬರುವುದಿಲ್ಲ. 4 ಮಿ.ಮೀ. ಕಲ್ಲು ಗಟ್ಟಿಮುಟ್ಟಾದ ಆಳನ್ನೂ ನೆಲಕ್ಕೆ ಕೆಡವುತ್ತದೆ, 3 ಸೆಂ.ಮೀ. ಕಲ್ಲು ಹೊತ್ತವರು ಆರಾಮಾಗಿ ಓಡಾಡಿಕೊಂಡಿರಬಹುದು.

◆ 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಮೂರನೇ ಎರಡು ಪಾಲು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿ.ಮೀ. ಕಲ್ಲುಗಳಲ್ಲಿ ಹೆಚ್ಚುಕಡಿಮೆ ಅರ್ಧ.

◆ ಹೊರಬೀಳಲು ಎಷ್ಟು ದಿನ ಬೇಕು? ನಾಳಕ್ಕಿಳಿದ 2 ಮಿ.ಮೀ. ಒಳಗಿನ ಕಲ್ಲಿಗೆ ಸರಾಸರಿ 8 ದಿನ, 2ರಿಂದ 4 ಮಿ.ಮೀ. ಕಲ್ಲಿಗೆ 12 ದಿನ, 4ರಿಂದ 6 ಮಿ.ಮೀ. ಕಲ್ಲಿಗೆ 22 ದಿನ ಎಂದು 1999ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಮೂರು ದಿನಕ್ಕೇ ಬೇಸತ್ತು ಡಾಕ್ಟರನ್ನು ಬದಲಾಯಿಸುವವರು ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ನಾಲ್ಕರಿಂದ ಆರು ವಾರ ಕಳೆದರೂ ಬೀಳದ ಕಲ್ಲನ್ನು ಮಾತ್ರ ಇನ್ನೂ ಕಾಯುತ್ತ ಕೂರಬಾರದು.

◆ ನಿಮ್ಮ ಸ್ಕ್ಯಾನ್ ರಿಪೋರ್ಟನ್ನು ನೀವೇ ಓದಬಹುದು. ‘ಕ್ಯಾಲ್ಕ್ಯುಲಸ್’ ಎಂದರೆ ಕಲ್ಲು. ಪಕ್ಕದಲ್ಲಿರುವ ‘ಎಂ.ಎಂ.’ ಅದರ ಗಾತ್ರ. ‘ಅಪ್ಪರ್’, ‘ಮಿಡ್’, ‘ಲೋವರ್ ಪೋಲ್’ ಎಂದರೆ ಮೂತ್ರಪಿಂಡದ ಮೇಲಿನ, ನಡುವಿನ, ಕೆಳಗಿನ ಭಾಗ. ಇದರ ಕೆಳಗೆ ‘ಹೈಡ್ರೊನೆಫ್ರೋಸಿಸ್’ ಎಂಬ ಪದ ಇದೆಯೇ, ಅದರ ಹಿಂದೆ ‘ಮೈಲ್ಡ್’, ‘ಮಾಡರೇಟ್’, ‘ಗ್ರಾಸ್’ ಎಂಬುದರಲ್ಲಿ ಯಾವುದಿದೆ ನೋಡಿ. ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಎಷ್ಟು ಊದಿಕೊಂಡಿದೆ ಎಂಬುದನ್ನು ಹೇಳುವ ಮಾತು ಅದು. ಎಷ್ಟೋ ಜನ ಕಲ್ಲಿನ ಅಳತೆ ಕೇಳಿ ಹೆದರುತ್ತಾರೆ, ಇಲ್ಲವೇ ನಿರಾಳವಾಗುತ್ತಾರೆ. ಈ ಊತದ ಸಾಲನ್ನು ಓದುವುದೇ ಇಲ್ಲ. ಮುಖ್ಯವಾದದ್ದು ಈ ಸಾಲು.

◆ ಹೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ನಾಳದ ನಡುಭಾಗದ ಕಲ್ಲು ತಪ್ಪಿಹೋಗಬಹುದು, ಚಿಕ್ಕ ಕಲ್ಲು ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಬಣ್ಣದ ಮದ್ದು ಹಾಕದ ಸಾದಾ ಸಿ.ಟಿ. ಸ್ಕ್ಯಾನ್ ಹೆಚ್ಚು ನಿಖರ. ಗರ್ಭಿಣಿಯರಿಗೆ ಮೊದಲ ಆಯ್ಕೆ ಅಲ್ಟ್ರಾಸೌಂಡೇ.

◆ ನೋವು ನಿಂತಿತು, ಹಾಗಾದರೆ ಕಲ್ಲು ಹೋಯಿತು ಎಂದುಕೊಳ್ಳುವುದು ಅಪಾಯ. ಕಲ್ಲು ನಾಳದಲ್ಲೇ ಉಳಿದಿದ್ದರೂ ಮೂತ್ರಪಿಂಡ ಮೂತ್ರ ತಯಾರಿಸುವುದನ್ನು ಕಡಿಮೆ ಮಾಡಿದರೆ ಒತ್ತಡ ಇಳಿದು ನೋವು ನಿಲ್ಲಬಹುದು. ಹೀಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಕಟ್ಟಿಕೊಂಡ ಮೂತ್ರಪಿಂಡ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಕಲ್ಲು ಕೈಗೆ ಸಿಕ್ಕಿಲ್ಲವೆಂದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲೇಬೇಕು.

◆ ರಕ್ತದ ಕ್ರಿಯಾಟಿನಿನ್ ಸರಿಯಾಗಿದೆ ಎಂದರೆ ಎರಡೂ ಮೂತ್ರಪಿಂಡ ಚೆನ್ನಾಗಿವೆ ಎಂದಲ್ಲ. ಒಂದು ಪೂರ್ತಿ ಕೆಟ್ಟರೂ ಇನ್ನೊಂದು ಆ ಕೆಲಸವನ್ನು ಹೊತ್ತುಕೊಂಡು ಅಂಕಿಯನ್ನು ಸರಿಯಾಗಿಯೇ ತೋರಿಸಬಲ್ಲದು.

◆ ಕಲ್ಲಿನ ನೋವಿಗೆ ಡೈಕ್ಲೊಫೆನಾಕ್ ಜಾತಿಯ ಮದ್ದೇ ಮೊದಲ ಆಯ್ಕೆ. ಅದು ನೋವನ್ನಷ್ಟೇ ಅಲ್ಲ, ಮೂತ್ರಪಿಂಡದೊಳಗಿನ ಒತ್ತಡವನ್ನೂ ಇಳಿಸುತ್ತದೆ. ಆದರೆ ಮೆಡಿಕಲ್ ಸ್ಟೋರಿನಿಂದ ವಾರಗಟ್ಟಲೆ ತಾವೇ ತಂದು ನುಂಗುವುದು ಬೇರೆ ಮಾತು. ಮೊದಲೇ ಮೂತ್ರಪಿಂಡ ಸೊರಗಿದವರಿಗೆ, ಹೊಟ್ಟೆಹುಣ್ಣು ಇದ್ದವರಿಗೆ ಈ ಮಾತ್ರೆಗಳಿಂದ ಹಾನಿಯೇ ಹೆಚ್ಚು.

◆ ನೋವು ಬಂದಾಗ ಚೊಂಬುಗಟ್ಟಲೆ ನೀರು ಕುಡಿದರೆ ಕಲ್ಲು ತಳ್ಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದಕ್ಕೆ ಆಧಾರ ಸಿಕ್ಕಿಲ್ಲ. ಅಡ್ಡ ಕೂತ ಕಲ್ಲಿನ ಮೇಲೆ ಇನ್ನಷ್ಟು ಮೂತ್ರ ಸೇರಿದರೆ ನೋವು ಹೆಚ್ಚಬಹುದು. ನೀರು ಮುಂದಿನ ಕಲ್ಲನ್ನು ತಡೆಯುವ ಮದ್ದು. ಇವತ್ತಿನ ಕಲ್ಲನ್ನು ದೂಡುವ ಮದ್ದಲ್ಲ.

◆ ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದೆ ಎಂಬುದರ ಗುರುತು ಅದು. ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಕುತ್ತು. ಆಗ ಕಲ್ಲು ತೆಗೆಯುವುದು ಆಮೇಲಿನ ಮಾತು. ಮೊದಲು ಒಳಗೊಂದು ಸ್ಟೆಂಟ್ ಇಟ್ಟೋ ಬೆನ್ನಿನ ಕಡೆಯಿಂದ ಕೊಳವೆ ಹಾಕಿಯೋ ಕಟ್ಟಿದ ಮೂತ್ರವನ್ನು ಹೊರಬಿಡುತ್ತಾರೆ. ಬರೀ ಆಂಟಿಬಯೋಟಿಕ್ ಇಂಜೆಕ್ಷನ್ ಸಾಲದು. ಒಂದೇ ಮೂತ್ರಪಿಂಡ ಇರುವವರು, ಮೂತ್ರವೇ ನಿಂತುಹೋದವರು, ಗರ್ಭಿಣಿಯರು ಕೂಡ ಇದೇ ಸಾಲಿಗೆ ಸೇರುತ್ತಾರೆ. ಶ್ರೀನಿವಾಸಪುರದಿಂದ ಕೋಲಾರ ಸುಮಾರು 25 ಕಿ.ಮೀ. ಅಲ್ಲಿ ಎಸ್.ಎನ್.ಆರ್. ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ರಾಯಲ್ಪಾಡು, ಗೌನಿಪಲ್ಲಿ ಕಡೆಯ ಹಳ್ಳಿಗಳವರಿಗೆ ದಾರಿ ಇನ್ನೂ ದೂರ. ಅವರು ಇನ್ನೂ ಬೇಗ ಹೊರಡಬೇಕು.

◆ ‘ಕಲ್ಲು ಬೀಳುವ ಮಾತ್ರೆ’ ಎಂದು ಬರೆದುಕೊಡುವ ಟ್ಯಾಮ್ಸುಲೋಸಿನ್ ಕಲ್ಲನ್ನು ಕರಗಿಸುವುದಿಲ್ಲ. ನಾಳದ ಕೆಳಭಾಗದ ಸ್ನಾಯುವನ್ನು ಸಡಿಲಿಸಿ ದಾರಿ ಬಿಡಿಸುತ್ತದೆ, ಅಷ್ಟೆ. ಅದರ ಪ್ರಯೋಜನ ಹೆಚ್ಚು ಕಾಣುವುದು ನಾಳದ ಕೆಳತುದಿಯಲ್ಲಿರುವ 5ರಿಂದ 10 ಮಿ.ಮೀ. ಕಲ್ಲಿಗೆ. ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಹಾಸಿಗೆಯಿಂದ ದಿಢೀರನೆ ಏಳಬೇಡಿ.

◆ ಹಾಗಾದರೆ ಕರಗುವ ಕಲ್ಲೇ ಇಲ್ಲವೇ? ಇದೆ. ಯೂರಿಕ್ ಆಮ್ಲದ ಕಲ್ಲು ಕರಗುತ್ತದೆ. ಪೊಟ್ಯಾಸಿಯಂ ಸಿಟ್ರೇಟ್‌ನಂಥ ಮದ್ದಿನಿಂದ ಮೂತ್ರದ ಹುಳಿ ಇಳಿಸಿ, ಪಿಎಚ್ ಅನ್ನು 6.5ರಿಂದ 7ರ ಆಸುಪಾಸಿನಲ್ಲಿ ಇಟ್ಟುಕೊಂಡರೆ ವಾರ, ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಮಾಯವಾಗಬಹುದು. ಈ ಕಲ್ಲು ಸಾದಾ ಎಕ್ಸ್‌ರೇಯಲ್ಲಿ ಕಾಣದು, ಸಿ.ಟಿ.ಯಲ್ಲಿ ಕಾಣುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಇದು ಹೆಚ್ಚು. ಬಹುಪಾಲು ಜನರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದು ಯಾವ ಸಿರಪ್ಪಿಗೂ ಕರಗದು. ಸಿರಪ್ ಕುಡಿದು ಕಲ್ಲು ಹೋಯಿತು ಎನ್ನುವವರ ಕಲ್ಲು ಎಷ್ಟೋ ಸಲ ತಾನಾಗಿಯೇ ಬೀಳುವಷ್ಟು ಚಿಕ್ಕದಿದ್ದಿರುತ್ತದೆ.

◆ ಬಿದ್ದ ಕಲ್ಲನ್ನು ಎಸೆಯಬೇಡಿ. ಕೆಲವು ದಿನ ಟೀ ಸೋಸುವ ಹಳೆಯ ಜರಡಿಯಲ್ಲೋ ಬಟ್ಟೆಯಲ್ಲೋ ಮೂತ್ರ ಸೋಸಿ, ಸಿಕ್ಕ ಚೂರನ್ನು ಪುಟ್ಟ ಡಬ್ಬಿಯಲ್ಲಿ ಡಾಕ್ಟರಿಗೆ ಕೊಡಿ. ಯಾವ ಜಾತಿಯ ಕಲ್ಲು ಎಂದು ಪರೀಕ್ಷೆಯಲ್ಲಿ ತಿಳಿದರೆ ಮುಂದಿನ ಊಟ, ಮದ್ದು ಎರಡನ್ನೂ ಸರಿಯಾಗಿ ಹೇಳಬಹುದು.

◆ ರಸಾಯನಶಾಸ್ತ್ರಕ್ಕೆ ಯೂರಿಕ್ ಆಮ್ಲ ಸಿಕ್ಕಿದ್ದೇ ಮೂತ್ರಕೋಶದ ಕಲ್ಲಿನಿಂದ: 1776ರಲ್ಲಿ, ಸ್ವೀಡನ್ನಿನ ಶೀಲೆ ಕೈಯಲ್ಲಿ. ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು 1810ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ಕಂಡದ್ದೂ ಅಂಥದೇ ಕಲ್ಲಿನಲ್ಲಿ. ಸಿಸ್ಟೀನ್ ಕಲ್ಲು ವಂಶಪಾರಂಪರ್ಯದ್ದು, ಅಪರೂಪದ್ದು, ಮರುಕಳಿಸುವುದರಲ್ಲಿ ಬಲು ಹಟಮಾರಿ.

◆ ಹೊರಗಿನಿಂದಲೇ ಕಲ್ಲು ಪುಡಿ ಮಾಡುವ ಯಂತ್ರವನ್ನು ಕಟ್ಟಿದ್ದು ವಿಮಾನದ ಕಂಪನಿ! ಜರ್ಮನಿಯ ಡೋರ್ನಿಯರ್‌ನ ಎಂಜಿನಿಯರುಗಳು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಆ ಬಡಿತದ ಆಘಾತ ತರಂಗ ಲೋಹದೊಳಗೆ ಹಾದುಹೋಗಿ ದೂರದಲ್ಲಿ ಹಾನಿ ಮಾಡುವುದು ಅವರಿಗೆ ಗೊತ್ತಾಯಿತು. ದೇಹದ ಮೆತ್ತನೆಯ ಭಾಗವನ್ನು ದಾಟಿ ಗಟ್ಟಿಯಾದ ಕಲ್ಲಿನ ಮೇಲಷ್ಟೇ ಈ ತರಂಗವನ್ನು ಕೇಂದ್ರೀಕರಿಸಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. 1980ರ ಫೆಬ್ರುವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ಸಂಗಡಿಗರು ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. ಆಗ ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಕೂರಿಸಬೇಕಿತ್ತು. ಈಗ ಮೇಜಿನ ಮೇಲೆ ಮಲಗಿಸಿ, ಚರ್ಮಕ್ಕೆ ಜೆಲ್ ಹಚ್ಚಿ ಮುಗಿಸುತ್ತಾರೆ. ಹೆಸರು ಇ.ಎಸ್.ಡಬ್ಲ್ಯು.ಎಲ್.; ಜನ ‘ಶಾಕ್ ಕೊಡಿಸುವುದು’ ಎನ್ನುತ್ತಾರೆ. ಇಲ್ಲಿ ಕರೆಂಟಿನ ಶಾಕ್ ಇಲ್ಲ, ಹೆದರಬೇಕಿಲ್ಲ.

ಆದರೆ ಇದು ಎಲ್ಲ ಕಲ್ಲಿಗೂ ಒಗ್ಗದು. 2 ಸೆಂ.ಮೀ. ಮೀರಿದ ಕಲ್ಲಿಗೆ, ಬಲು ಗಟ್ಟಿ ಕಲ್ಲಿಗೆ, ಮೂತ್ರಪಿಂಡದ ಕೆಳಭಾಗದಲ್ಲಿ ಕೂತ ದೊಡ್ಡ ಕಲ್ಲಿಗೆ ಫಲ ಕಡಿಮೆ. ಗರ್ಭಿಣಿಯರಿಗೆ ಕೊಡುವಂತಿಲ್ಲ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಕಲ್ಲು ಪುಡಿಯಾದ ಮೇಲೂ ಆ ಪುಡಿ ನಿಮ್ಮ ನಾಳದಿಂದಲೇ ಹೊರಬರಬೇಕು. ಎರಡನೇ ಸಲ ಚಿಕಿತ್ಸೆ ಬೇಕಾದರೆ ಅದು ಡಾಕ್ಟರ ತಪ್ಪಲ್ಲ.

◆ ಜನ ‘ಲೇಸರ್’ ಎನ್ನುವ ಚಿಕಿತ್ಸೆಯಲ್ಲಿ ಹೊರಗೆ ಎಲ್ಲೂ ಕೊಯ್ಯುವುದಿಲ್ಲ. ಮೂತ್ರದ್ವಾರದಿಂದಲೇ ತೆಳುವಾದ ದುರ್ಬೀನು ಏರಿಸಿ, ಕಲ್ಲನ್ನು ಕಣ್ಣಾರೆ ಕಂಡು ಒಡೆಯುತ್ತಾರೆ. ನಾಳದಲ್ಲಿದ್ದರೆ ಯು.ಆರ್.ಎಸ್., ಬಾಗುವ ದುರ್ಬೀನಿನಿಂದ ಮೂತ್ರಪಿಂಡದೊಳಗೇ ಹೋದರೆ ಆರ್.ಐ.ಆರ್.ಎಸ್. ಮೂತ್ರನಾಳದೊಳಗೆ ಮೊದಲು ಇಣುಕಿ ನೋಡಿದವರು ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್, 1912ರಲ್ಲಿ. ನಾಳದಲ್ಲಿ ಸಿಕ್ಕ 1 ಸೆಂ.ಮೀ. ಮೀರಿದ ಕಲ್ಲಿಗೆ ಇವತ್ತು ಹೆಚ್ಚಾಗಿ ಇದೇ ದಾರಿ.

◆ 2 ಸೆಂ.ಮೀ. ಮೀರಿದ ಕಲ್ಲಿಗೆ, ಜಿಂಕೆ ಕೊಂಬಿನಂತೆ ಕವಲೊಡೆದು ಮೂತ್ರಪಿಂಡವನ್ನೇ ತುಂಬಿದ ಕಲ್ಲಿಗೆ ಪಿ.ಸಿ.ಎನ್.ಎಲ್. ಬೆನ್ನಿನ ಪಕ್ಕದಲ್ಲಿ ಸುಮಾರು 1 ಸೆಂ.ಮೀ. ರಂಧ್ರ ಮಾಡಿ, ಅಲ್ಲಿಂದ ಮೂತ್ರಪಿಂಡಕ್ಕೆ ದಾರಿ ಕಟ್ಟಿ, ಕಲ್ಲು ಒಡೆದು ಚೂರುಗಳನ್ನು ಹೊರತೆಗೆಯುತ್ತಾರೆ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಇದನ್ನು ಮೊದಲು ವರದಿ ಮಾಡಿದರು. ಇನ್ನೂ ಕಿರಿದಾದ ದಾರಿಯಲ್ಲಿ ಮಾಡುವ ‘ಮಿನಿ ಪರ್ಕ್’ ಕೂಡ ಈಗ ಬಂದಿದೆ. ಹಿಂದೆ ಪಕ್ಕೆ ಸೀಳಿ ಗೇಣುದ್ದ ಕೊಯ್ದು ಮಾಡುತ್ತಿದ್ದ ತೆರೆದ ಶಸ್ತ್ರಚಿಕಿತ್ಸೆ ಇಂದು ಬಲು ಅಪರೂಪ.

◆ ಕೊಂಬಿನ ಕಲ್ಲು ನೋವು ಕೊಡುತ್ತಿಲ್ಲ ಎಂದು ಹಾಗೇ ಬಿಟ್ಟರೆ ಸೋಂಕಿಗೆ ಮನೆಯಾಗುತ್ತದೆ, ಕೊನೆಗೆ ಮೂತ್ರಪಿಂಡವನ್ನೇ ಕಳೆಯುತ್ತದೆ. ಪದೇಪದೇ ಉರಿಮೂತ್ರ ಬರುವ ಹೆಂಗಸರು ಒಮ್ಮೆಯಾದರೂ ಸ್ಕ್ಯಾನ್ ಮಾಡಿಸಬೇಕು.

◆ ಮಹಾರಾಷ್ಟ್ರದ ಧುಲೆಯಲ್ಲಿ 2009ರ ಡಿಸೆಂಬರಿನಲ್ಲಿ ಒಬ್ಬರ ಎಡ ಮೂತ್ರಪಿಂಡದಿಂದ ಹೊರತೆಗೆದ ಕಲ್ಲುಗಳ ಎಣಿಕೆ 1,72,155! ಗಿನ್ನೆಸ್ ದಾಖಲೆ.

◆ ಈಜಿಪ್ಟಿನ ಎಲ್ ಅಮ್ರಾದ ಗೋರಿಯೊಂದರಲ್ಲಿ ಸಿಕ್ಕ ಹುಡುಗನ ದೇಹದಲ್ಲಿ ಮೂತ್ರಕೋಶದ ಕಲ್ಲಿತ್ತು. ಅದರ ವಯಸ್ಸು ಹಲವು ಸಾವಿರ ವರ್ಷ.

◆ ಕಲ್ಲನ್ನು ಕೊಯ್ದು ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆ ಬಿಡಿಸಿ ಹೇಳಿದೆ. ಶಸ್ತ್ರ ಹಿಡಿಯದಿದ್ದರೆ ಸಾವು ಖಚಿತ, ಹಿಡಿದರೆ ಫಲ ಅನುಮಾನ. ಆದ್ದರಿಂದ ಒಡೆಯನಿಗೆ ತಿಳಿಸಿ ಒಪ್ಪಿಗೆ ಪಡೆದೇ ಮುಂದುವರಿಯಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಇವತ್ತು ಆಪರೇಷನ್ನಿಗೆ ಮುನ್ನ ನಾವು ಸಹಿ ಹಾಕುವ ಕಾಗದದ ಹಿಂದಿರುವುದು ಇದೇ ಕಾಳಜಿ. ಸಹಿಗೆ ಮುಂಚೆ ಅದನ್ನು ಓದಿಸಿ ಕೇಳಿಕೊಳ್ಳುವ ಹಕ್ಕು ನಿಮಗಿದೆ. ಅತ್ತ ಗ್ರೀಸಿನಲ್ಲಿ ಹಿಪೊಕ್ರೆಟಿಸ್‌ನ ಹೆಸರಿನ ಪ್ರತಿಜ್ಞೆಯಂತೂ ವೈದ್ಯರು ಕಲ್ಲಿಗೆ ಕತ್ತಿ ಹಾಕಲೇಬಾರದು, ಆ ಕೆಲಸ ಬಲ್ಲವರಿಗೆ ಬಿಡಬೇಕು ಎನ್ನುತ್ತದೆ.

◆ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ 1658ರ ಮಾರ್ಚ್ 26ರಂದು ಕಲ್ಲು ತೆಗೆಸಿಕೊಂಡು ಬದುಕುಳಿದ. ಅರಿವಳಿಕೆ ಇಲ್ಲದ ಕಾಲ ಅದು. ವರ್ಷ ವರ್ಷವೂ ಆ ದಿನ ಹಬ್ಬದೂಟ ಮಾಡಬೇಕೆಂದು ನಿಶ್ಚಯಿಸಿದ. 1824ರಲ್ಲಿ ಪ್ಯಾರಿಸ್ಸಿನ ಸಿವಿಯಾಲ್ ಕೊಯ್ಯದೆಯೇ, ಮೂತ್ರದ್ವಾರದಿಂದ ಉಪಕರಣ ಹಾಕಿ, ಮೂತ್ರಕೋಶದ ಕಲ್ಲನ್ನು ಒಡೆದು ತೋರಿಸಿದ. ಇಂದಿನ ಲೇಸರ್ ಚಿಕಿತ್ಸೆ ಹಿಡಿದಿರುವುದೂ ಅದೇ ದಾರಿ.

◆ ರೋಲರ್ ಕೋಸ್ಟರಿನಲ್ಲಿ ಕೂತರೆ ಕಲ್ಲು ಬೀಳುತ್ತದೆಯೇ ಎಂದು ಅಮೆರಿಕದ ಸಂಶೋಧಕರು ಮೂತ್ರಪಿಂಡದ ಸಿಲಿಕೋನ್ ಪ್ರತಿಕೃತಿ ಹಿಡಿದು ಪರೀಕ್ಷಿಸಿದರು. ಹಿಂದಿನ ಸೀಟಿನಲ್ಲಿ ಮೂರರಲ್ಲಿ ಎರಡರಷ್ಟು ಸಲ ಚಿಕ್ಕ ಕಲ್ಲು ಜಾರಿತು. 2018ರ ಇಗ್ ನೊಬೆಲ್ ಅದಕ್ಕೆ ಸಂದಿತು. ಮನುಷ್ಯರ ಮೇಲೆ ಸಾಬೀತಾದ ಚಿಕಿತ್ಸೆ ಮಾತ್ರ ಅದಲ್ಲ.

◆ ಇನ್ನು ಊಟದ ಮಾತು. ಟೊಮೇಟೊಗೆ ಹೆಸರಾದ ಕೋಲಾರ ಜಿಲ್ಲೆಯಲ್ಲೇ ಕಲ್ಲಿನ ಭಯಕ್ಕೆ ಟೊಮೇಟೊ ಬಿಟ್ಟವರಿದ್ದಾರೆ. ಅದರ ಬೀಜ ಕಲ್ಲಾಗುವುದಿಲ್ಲ. ಜೀರ್ಣಾಂಗದಲ್ಲಿ ಹೋಗುವ ಬೀಜ ಮೂತ್ರಪಿಂಡವನ್ನು ತಲುಪುವುದೇ ಇಲ್ಲ. 100 ಗ್ರಾಂ ಪಾಲಕ್‌ನಲ್ಲಿ ಆಕ್ಸಲೇಟ್ ನೂರಾರು ಮಿಲಿಗ್ರಾಂ. ಅಷ್ಟೇ ಟೊಮೇಟೊದಲ್ಲಿ ಕೆಲವೇ ಮಿಲಿಗ್ರಾಂ. ನಿಶ್ಚಿಂತೆಯಿಂದ ತಿನ್ನಿ. ಮಾವಿನಹಣ್ಣಿನಲ್ಲೂ ಆಕ್ಸಲೇಟ್ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರು ಅದಕ್ಕಾಗಿ ಮಿತಿ ಇಟ್ಟುಕೊಂಡರಾಯಿತು.

◆ ಕ್ಯಾಲ್ಸಿಯಂ ಕಲ್ಲು ಎಂದಾಕ್ಷಣ ಹಾಲು, ಮೊಸರು, ರಾಗಿಮುದ್ದೆ ಬಿಡಬೇಕೆಂದು ಎಲ್ಲರೂ ಎಣಿಸುತ್ತಾರೆ. ವಿಷಯ ಇದಕ್ಕೆ ತದ್ವಿರುದ್ಧ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಕ್ಯಾಲ್ಸಿಯಂ ಕಡಿಮೆ ತಿಂದರೆ ಆ ಆಕ್ಸಲೇಟೆಲ್ಲ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ. ಇಟಲಿಯಲ್ಲಿ ಮತ್ತೆ ಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ 5 ವರ್ಷ ಗಮನಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಬಿಡದೆ, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಮನೆಗಳಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯವರು ಊಟಕ್ಕೊಂದು ಲೋಟ ಮಜ್ಜಿಗೆ ಉಳಿಸಿಕೊಳ್ಳಿ.

◆ ಬಸ್ಸಾರು ಮಾಡುವ ಬಗೆ ನೋಡಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿಯುತ್ತೇವೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕಾಯಿ ರುಬ್ಬಿ ಹಾಕಿ ಕುದಿಸಿದರೆ ಮುದ್ದೆಗೆ ಸಾರು. ಸೊಪ್ಪು ಬೇಯಿಸಿದಾಗ ಆಕ್ಸಲೇಟಿನಲ್ಲಿ ದೊಡ್ಡ ಪಾಲು ನೀರಿಗೆ ಬಿಡುತ್ತದೆ. ಅಂದರೆ ಅದು ಹೋಗಿ ಸೇರುವುದು ಈ ಕಟ್ಟಿಗೇ. ಪಾಲಕ್, ದಂಟು, ಹರಿವೆ ಆಕ್ಸಲೇಟ್ ಹೆಚ್ಚಿರುವ ಸೊಪ್ಪುಗಳು. ಮತ್ತೆ ಮತ್ತೆ ಆಕ್ಸಲೇಟ್ ಕಲ್ಲಾಗುವವರು ಈ ಸೊಪ್ಪುಗಳ ಬಸ್ಸಾರನ್ನು ಅಪರೂಪಕ್ಕೆ ಇಟ್ಟುಕೊಂಡು ಪಲ್ಯವನ್ನೇ ತಿನ್ನುವುದು ಮೇಲು. ಮೆಂತ್ಯಸೊಪ್ಪಿನಲ್ಲಿ, ಕೋಸಿನಲ್ಲಿ ಈ ತೊಂದರೆ ಕಡಿಮೆ. ಉಳಿದವರು ಬಸ್ಸಾರು ಬಿಡಬೇಕಾದ ಕಾರಣವೇ ಇಲ್ಲ.

◆ ಉಪ್ಪು ಹೆಚ್ಚಾದರೆ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಇಳಿಯುತ್ತದೆ. ದಿನಕ್ಕೆ 5 ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚ. ಮಾವಿನ ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್ಚರ್ ಎಲ್ಲವೂ ಸೇರಿ ಅಷ್ಟು.

◆ ನೆಗಡಿಗೆಂದು ವಿಟಮಿನ್ ಸಿ ಮಾತ್ರೆ ನುಂಗುವುದು ರೂಢಿಯಾಗಿದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟಾಗಿ ಮಾರ್ಪಡುತ್ತದೆ. ಅಂಥ ಮಾತ್ರೆ ನುಂಗುತ್ತಿದ್ದ ಗಂಡಸರಲ್ಲಿ ಕಲ್ಲು ಸುಮಾರು ಎರಡು ಪಟ್ಟು ಹೆಚ್ಚು ಎಂದು 2013ರ ಸ್ವೀಡನ್ ಅಧ್ಯಯನ ತೋರಿಸಿತು. ನಿಂಬೆಹಣ್ಣಿನಿಂದ ಈ ಭಯವಿಲ್ಲ. ಅದರಲ್ಲಿರುವ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ.

◆ ಬಾಳೆದಿಂಡಿನ ರಸ, ಹುರುಳಿಕಟ್ಟು ನಮ್ಮ ಅಜ್ಜಿಯರ ಕಾಲದ ಮದ್ದು. ಊಟವಾಗಿ ತಿಂದರೆ ತಕರಾರಿಲ್ಲ. ಆದರೆ ಅವು ಕಟ್ಟಿದ ಕಲ್ಲನ್ನು ಕರಗಿಸುತ್ತವೆ ಎಂಬುದಕ್ಕೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಅವನ್ನು ನಂಬಿಕೊಂಡು, ಊದಿಕೊಂಡ ಮೂತ್ರಪಿಂಡವನ್ನು ತಿಂಗಳುಗಟ್ಟಲೆ ಹಾಗೇ ಬಿಡುವುದು ದೊಡ್ಡ ತಪ್ಪು. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಸೋತವರು ಅದನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು.

◆ ಕಮರಾಕ್ಷಿ, ಬಿಲಿಂಬಿ ಹಣ್ಣಿನ ರಸ ಮಾತ್ರ ಖಂಡಿತ ಬೇಡ. ಎರಡರಲ್ಲೂ ಆಕ್ಸಲೇಟ್ ವಿಪರೀತ. ಬಿಲಿಂಬಿ ರಸ ಕುಡಿದು ಮೂತ್ರಪಿಂಡ ದಿಢೀರನೆ ಕೈಕೊಟ್ಟ ಹತ್ತು ಪ್ರಕರಣಗಳು ಕೇರಳದಿಂದ 2013ರಲ್ಲಿ ವರದಿಯಾದವು.

◆ ಬಿಯರ್ ಕಲ್ಲಿಗೆ ಮದ್ದಲ್ಲ. ಮೂತ್ರ ಹೆಚ್ಚಿದಂತೆ ಕಂಡರೂ ಯೂರಿಕ್ ಆಮ್ಲವನ್ನು ಏರಿಸುತ್ತದೆ.

◆ ನೀರಿನ ಬಲ ಎಷ್ಟೆಂದು ತಿಳಿಯಲು ಇನ್ನೊಂದು ಇಟಲಿ ಅಧ್ಯಯನ ಸಾಕು, 1996ರದು. ಮೊದಲ ಸಲ ಕಲ್ಲಾದವರನ್ನು 5 ವರ್ಷ ಗಮನಿಸಿದಾಗ, ಹೆಚ್ಚು ನೀರು ಕುಡಿದ 99 ಜನರಲ್ಲಿ 12 ಮಂದಿಗೆ ಮತ್ತೆ ಕಲ್ಲಾಯಿತು. ಹಾಗೆ ಹೆಚ್ಚು ಕುಡಿಯದ 100 ಜನರಲ್ಲಿ 27 ಮಂದಿಗೆ. ಎಷ್ಟು ಲೋಟ ಕುಡಿದೆ ಎಂಬುದಕ್ಕಿಂತ ಎಷ್ಟು ಮೂತ್ರ ಹೋಯಿತು ಎಂಬುದು ಸರಿಯಾದ ಲೆಕ್ಕ: ದಿನಕ್ಕೆ 2ರಿಂದ 2.5 ಲೀಟರ್. ರಜಾದಿನವೊಂದರಲ್ಲಿ ಹಳೆಯ ಒಂದು ಲೀಟರ್ ಬಾಟಲಿ ಇಟ್ಟುಕೊಂಡು ಅಳೆದು ನೋಡಿ. ಮಂಡಿಯಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಬೆವರುವವರಿಗೆ ಮೂರು ಲೀಟರ್ ನೀರೂ ಸಾಲದು.

◆ ನಮ್ಮ ಕೊಳವೆಬಾವಿಯ ಗಡಸು ನೀರಿನಿಂದಲೇ ಕಲ್ಲು ಎನ್ನುವುದು ಊರೂರಿನ ಮಾತು. ಗಡಸುತನಕ್ಕೂ ಕಲ್ಲಿಗೂ ಗಟ್ಟಿ ನಂಟು ಸಾಬೀತಾಗಿಲ್ಲ. ನೀರು ಕಡಿಮೆ ಕುಡಿಯುವುದರ ಪಾತ್ರ ಅದಕ್ಕಿಂತ ದೊಡ್ಡದು. ಕೋಲಾರದ ಹಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ದಾಟಿರುವುದು ನಿಜ, ಹಲ್ಲು ಮೂಳೆಗಳಿಗೆ ಅದು ಹಾನಿ. ಅದಕ್ಕಾಗಿ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ. ತಂದದ್ದನ್ನು ಸಾಕಷ್ಟು ಕುಡಿಯಿರಿ.

◆ ಹೊಲಕ್ಕೆ, ತೋಟಕ್ಕೆ, ಮಂಡಿಗೆ ಕೂಲಿಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಹೋಗಲು ಶೌಚಾಲಯವಿಲ್ಲ. ಇವರಿಗೆ ಹೆಚ್ಚು ನೀರು ಕುಡಿಯಿರಿ ಎಂದು ಬರೆಯುವುದಷ್ಟೇ ನ್ಯಾಯವಲ್ಲ. ಸುಗ್ಗಿಯ ಎರಡು ಮೂರು ತಿಂಗಳಾದರೂ ಕೆಲಸದ ಜಾಗದಲ್ಲಿ ಬಾಗಿಲು, ನೀರು ಇರುವ ಒಂದು ಶೌಚಾಲಯ ಇರುವಂತೆ ನೋಡಿಕೊಳ್ಳುವುದು ಕೂಲಿಗೆ ಕರೆಯುವವರ ಹೊಣೆ.

◆ ಪಿತ್ತಕೋಶದ ಕಲ್ಲೇ ಬೇರೆ, ಕಿಡ್ನಿ ಕಲ್ಲೇ ಬೇರೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಡೆಯದು. ಪಿತ್ತದ ಕಲ್ಲು ಮೂತ್ರದಲ್ಲಿ ಬೀಳುವುದೂ ಇಲ್ಲ.

◆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕಲ್ಲಿನ ಶಸ್ತ್ರಚಿಕಿತ್ಸೆಗಳೂ ಸೇರಿವೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅಲ್ಲಿಂದ ರೆಫರಲ್ ಪತ್ರ ಪಡೆದು ಮುಂದೆ ಹೋಗಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡದ ಕಾಯಿಲೆಗಳಿಗೆಂದೇ ಇರುವ ನೆಫ್ರೊ-ಯುರಾಲಜಿ ಸಂಸ್ಥೆಯೂ ಸರ್ಕಾರದ್ದೇ. ಸಾಲ ಮಾಡುವ ಮೊದಲು ರೇಷನ್ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನ್ ಹಿಡಿದುಕೊಂಡು ಒಮ್ಮೆ ವಿಚಾರಿಸಿ.

◆ ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧ ಜನರಿಗೆ 5ರಿಂದ 10 ವರ್ಷದೊಳಗೆ ಮತ್ತೆ ಆಗುತ್ತದೆ. ಚಿಕಿತ್ಸೆ ಆಪರೇಷನ್ ಮೇಜಿನ ಮೇಲೆ ಮುಗಿಯುವುದಿಲ್ಲ.

◆ ಕೊನೆಯದಾಗಿ ಡಿಜೆ ಸ್ಟೆಂಟಿನ ವಿಷಯ. ಕಲ್ಲು ತೆಗೆದ ಮೇಲೆ ನಾಳ ಊದಿ ಮುಚ್ಚಿಕೊಳ್ಳದಿರಲೆಂದು ಎರಡೂ ತುದಿ ಬಾಗಿದ ತೆಳು ಕೊಳವೆಯನ್ನು ಒಳಗೆ ಬಿಡುತ್ತಾರೆ. 1978ರಿಂದ ಬಳಕೆಯಲ್ಲಿರುವ ಈ ಕೊಳವೆ ದೊಡ್ಡ ಉಪಕಾರಿ, ಆದರೆ ತಾತ್ಕಾಲಿಕ. ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ ತೆಗೆಯುತ್ತಾರೆ. ನೋವು ಹೋಯಿತು, ಸುಗ್ಗಿ ಬಂತು, ಮತ್ತೆ ಆಸ್ಪತ್ರೆಗೆ ಹೋಗಲು ಬಸ್ ಚಾರ್ಜಿಗೆ ದುಡ್ಡಿಲ್ಲ ಎಂದು ಮರೆತವರ ಒಳಗೆ ಆ ಕೊಳವೆಯ ಮೇಲೇ ಹೊಸ ಕಲ್ಲು ಕಟ್ಟುತ್ತದೆ. ಅದನ್ನು ಬಿಡಿಸಲು ಮತ್ತೆ ಹಲವು ಆಪರೇಷನ್ ಬೇಕಾಗಬಹುದು, ಮೂತ್ರಪಿಂಡವೇ ಹೋಗಬಹುದು. ನಿಮಗೋ ಮನೆಯವರಿಗೋ ಕಲ್ಲಿನ ಆಪರೇಷನ್ ಆಗಿದ್ದರೆ ಇವತ್ತೇ ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ‘ಡಿಜೆ ಸ್ಟೆಂಟಿಂಗ್’ ಎಂದು ಬರೆದಿದ್ದು, ತೆಗೆದ ದಾಖಲೆ ಇಲ್ಲದಿದ್ದರೆ, ನಾಳೆಯೇ ಆಸ್ಪತ್ರೆಗೆ ಹೊರಡಿ.